ಅಳತೆ ತಪ್ಪದ ಬಾಗಿಲು

ಹಳೆಯ ಮನೆ ಕೆಡವುವ ಕಡೆ ಒಳ್ಳೆಯ ತೇಗದ ಬಾಗಿಲು ಅಗ್ಗಕ್ಕೆ ಸಿಕ್ಕಿತೆಂದು ಹೊತ್ತು ತಂದವರಿಗೆಲ್ಲ ಒಂದು ಅನುಭವ ಆಗಿಯೇ ಇರುತ್ತದೆ. ಮರ ಗಟ್ಟಿ, ಕೆತ್ತನೆ ಚೆಂದ. ಆದರೆ ನಮ್ಮ ಮನೆಯ ಚೌಕಟ್ಟಿಗೆ ಅದು ಒಂದು ಬೆರಳು ಅಗಲವೋ ಎರಡು ಬೆರಳು ಗಿಡ್ಡವೋ ಆಗಿರುತ್ತದೆ. ಬಡಗಿ ಬಂದು ಒಂದು ಬದಿ ಕೀಸುತ್ತಾನೆ, ಇನ್ನೊಂದು ಬದಿಗೆ ಪಟ್ಟಿ ಹೊಡೆಯುತ್ತಾನೆ. ಅಷ್ಟಾದರೂ ಮಳೆಗಾಲ ಬಂದರೆ ಬಾಗಿಲು ಹಟ ಹಿಡಿಯುತ್ತದೆ. ಒಂದು ಮನೆಗೆಂದು ಮಾಡಿದ ಬಾಗಿಲು ಇನ್ನೊಂದು ಮನೆಗೆ ಸುಲಭಕ್ಕೆ ಒಗ್ಗುವುದಿಲ್ಲ ಎನ್ನುವುದು ನಾವೆಲ್ಲ ಒಪ್ಪಿಕೊಂಡ ಮಾತು. ಇಂಗ್ಲೆಂಡಿನ ಒಂದು ದೊಡ್ಡ ಮನೆಯ ವಿಷಯದಲ್ಲಿ ಮಾತ್ರ ಈ ಮಾತು ಸುಳ್ಳಾಯಿತು. ಆ ಮನೆಯ ಹೆಸರು ಬ್ಯಾಸಿಲ್ಡನ್ ಪಾರ್ಕ್. ಅದನ್ನು ಕಟ್ಟಿದವರು, ಕೊಂಡವರು, ಮಾರಿದವರು, ಕಿತ್ತವರು, ಕೊನೆಗೆ ಉಳಿಸಿದವರು, ಎಲ್ಲರ ಕಥೆಯೂ ಆ ಬಾಗಿಲುಗಳ ಹಿಂದೆ ಇದೆ.

ಲಂಡನ್ನಿನ ಪಶ್ಚಿಮಕ್ಕೆ ಬರ್ಕ್‌ಷೈರ್ ಎಂಬ ಸೀಮೆಯಿದೆ. ಥೇಮ್ಸ್ ನದಿ ಅಲ್ಲಿ ಹಸಿರು ಗುಡ್ಡಗಳ ನಡುವೆ ನಿಧಾನವಾಗಿ ಹರಿಯುತ್ತದೆ. ಆ ಕಣಿವೆಯ ಮೇಲ್ಗಡೆಯ ಈ ಜಮೀನನ್ನು 1771ರಲ್ಲಿ ಕೊಂಡವನು ಫ್ರಾನ್ಸಿಸ್ ಸೈಕ್ಸ್. ಯಾರ್ಕ್‌ಷೈರಿನ ಸಾಧಾರಣ ಮನೆತನದ ಹುಡುಗ. ಈಸ್ಟ್ ಇಂಡಿಯಾ ಕಂಪನಿಯ ನೌಕರನಾಗಿ ಬಂಗಾಳಕ್ಕೆ ಹೋದ. ರೇಷ್ಮೆಯ ದೊಡ್ಡ ಪೇಟೆಯಾಗಿದ್ದ ಕಾಸಿಂಬಜಾರಿನಲ್ಲಿ ದುಡಿದ. 1765ರಲ್ಲಿ ಬಂಗಾಳದ ಕಂದಾಯ ವಸೂಲಿಯ ಹಕ್ಕು, ಅಂದರೆ ದಿವಾನಿ, ಕಂಪನಿಯ ಕೈಗೆ ಬಂದಾಗ ಮುರ್ಷಿದಾಬಾದಿನ ನವಾಬನ ದರ್ಬಾರಿನಲ್ಲಿ ಕಂಪನಿಯ ರೆಸಿಡೆಂಟ್ ಆಗಿ ಕುಳಿತ. ಕಂಪನಿ ಕೊಡುತ್ತಿದ್ದ ಸಂಬಳ ಇಂಥವರ ಪಾಲಿಗೆ ಲೆಕ್ಕಕ್ಕೇ ಇರಲಿಲ್ಲ. ಅಧಿಕಾರದ ನೆರಳಿನಲ್ಲಿ ನಡೆಯುತ್ತಿದ್ದ ಸ್ವಂತ ವ್ಯಾಪಾರವೇ ಅವರ ನಿಜವಾದ ಗಳಿಕೆ. ಹೀಗೆ ಗಂಟು ಕಟ್ಟಿಕೊಂಡು ಮರಳಿದವರನ್ನು ಅವರ ದೇಶದವರೇ ‘ನಬಾಬ್’ ಎಂದು ಹಂಗಿಸುತ್ತಿದ್ದರು. ಅಂಥವರು ಬರ್ಕ್‌ಷೈರಿನಲ್ಲಿ ಎಷ್ಟು ಜನ ಬಂದು ನೆಲೆಸಿದರೆಂದರೆ, ಆ ಸೀಮೆಗೆ ಇಂಗ್ಲೆಂಡಿನ ಹಿಂದೂಸ್ತಾನವೆಂಬ ಅಡ್ಡಹೆಸರೇ ಬಿತ್ತು.

ಹಣ ಬಂದವನಿಗೆ ಮರ್ಯಾದೆಯೂ ಬೇಕಾಗುತ್ತದೆ. ಆ ಕಾಲದ ಇಂಗ್ಲೆಂಡಿನಲ್ಲಿ ಮರ್ಯಾದೆಗೆ ಎರಡು ದಾರಿ: ಪಾರ್ಲಿಮೆಂಟಿನಲ್ಲಿ ಒಂದು ಪೀಠ, ಹಳ್ಳಿಯ ಕಡೆ ಒಂದು ದೊಡ್ಡ ಮನೆ. ಸೈಕ್ಸ್ ಎರಡನ್ನೂ ಹಿಡಿದ. ಪೀಠದ ವಿಚಾರದಲ್ಲಿ ಲಂಚದ ಆರೋಪ ಮೈಮೇಲೆ ಬಂದು ಹೆಸರು ಕೆಟ್ಟಿತು. ಮನೆಯ ವಿಚಾರದಲ್ಲಿ ಮಾತ್ರ ಅವನು ಒಂದು ಒಳ್ಳೆಯ ಕೆಲಸ ಮಾಡಿದ. ತನ್ನ ಸೀಮೆಯವನೇ ಆದ ಜಾನ್ ಕಾರ್ ಎಂಬ ವಾಸ್ತುಶಿಲ್ಪಿಯನ್ನು ಕರೆಸಿದ.

ಕಾರ್ ಕಲ್ಲುಕುಟಿಗನ ಮಗ. ಉಳಿ ಹಿಡಿದು ಕಲಿತು ಮೇಲೆ ಬಂದವನು. ಯಾರ್ಕ್ ನಗರಕ್ಕೆ ಎರಡು ಸಲ ಲಾರ್ಡ್ ಮೇಯರ್ ಆದವನು. ಅವನ ಕೆಲಸವೆಲ್ಲ ಬಹುಮಟ್ಟಿಗೆ ಇಂಗ್ಲೆಂಡಿನ ಉತ್ತರ ಭಾಗದಲ್ಲೇ. ದಕ್ಷಿಣಕ್ಕೆ ಬಂದು ಇಂಥದೊಂದು ಮನೆ ಕಟ್ಟಿದ್ದು ಸೈಕ್ಸನ ಕರೆಗೆ ಓಗೊಟ್ಟು. 1776ರಲ್ಲಿ ಕೆಲಸ ಶುರುವಾಯಿತು, 1783ರ ಹೊತ್ತಿಗೆ ಮನೆ ಎದ್ದು ನಿಂತಿತು. ಬಾತ್ ಊರಿನ ಕಡೆಯ ಜೇನುಬಣ್ಣದ ಕಲ್ಲು. ಇಟಲಿಯ ಪಲ್ಲಾಡಿಯೋ ಹಾಕಿಕೊಟ್ಟ ಪದ್ಧತಿಯ ಕಟ್ಟಡ. ನಡುವೆ ಮುಖ್ಯ ಮನೆ, ಎರಡು ಪಕ್ಕದಲ್ಲಿ ಎರಡು ಸಣ್ಣ ಕಟ್ಟಡಗಳು. ಕೆಳ ಅಂತಸ್ತು ಒರಟು ಕಲ್ಲಿನದು, ಅಲ್ಲಿ ಮೂರು ಕಮಾನು. ಅದರ ಮೇಲೆ ನಾಲ್ಕು ಅಯೋನಿಕ್ ಕಂಬಗಳು, ಕಂಬಗಳ ಮೇಲೆ ತ್ರಿಕೋನದ ಮುಡಿ. ಸಾಮಾನ್ಯವಾಗಿ ಇಂಥ ಮನೆಗಳ ಕಂಬಸಾಲು ಎದೆ ಮುಂದೆ ಮಾಡಿಕೊಂಡು ನಿಲ್ಲುತ್ತದೆ. ಇಲ್ಲಿ ಅದು ಗೋಡೆಯ ಸಾಲಿನೊಳಕ್ಕೇ ಸರಿದು ನೆರಳಿನಲ್ಲಿ ನಿಂತಿದೆ. ಮೇಲೆ ಹತ್ತುವ ಮೆಟ್ಟಿಲು ಹೊರಗೆ ಕಾಣುವುದಿಲ್ಲ. ಕಮಾನುಗಳ ಹಿಂದೆ ಅಡಗಿದೆ. ಹತ್ತಿ ಹೋದರೆ ಆ ಕಂಬಗಳ ಜಗಲಿ. ಅಲ್ಲಿಂದ ನೇರ ಹಜಾರ. ಹಿಂಬದಿಯಲ್ಲಿ ಎಂಟು ಮೂಲೆಯ ದೊಡ್ಡ ಕೋಣೆ, ಅದರ ಕಿಟಕಿಗಳಿಗೆ ಥೇಮ್ಸ್ ಕಣಿವೆಯ ನೋಟ. ದುಡ್ಡು ಮಾಡಿದವನ ಮನೆಯಾದರೂ ಅದಕ್ಕೆ ಒಂದು ಸಂಕೋಚವಿದೆ. ಆ ಗುಣ ಯಜಮಾನನದಿರಲಾರದು, ಕಟ್ಟಿದವನದೇ ಇರಬೇಕು.

ಗೃಹಪ್ರವೇಶದ ಊಟಕ್ಕೆ ಬಂದವರು ಹೊಗಳುವುದು ಯಜಮಾನನನ್ನು. ಆದರೆ ಮನೆ ನಿಂತಿರುವುದು ಬೇರೆಯವರ ಬಲದಿಂದ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಇಲ್ಲಿ ಯಜಮಾನನಾದ ಸೈಕ್ಸ್‌ನ ಮನೆತನವೇ ಆ ಭವನದ ಭಾರವನ್ನು ಹೊರಲಾರದೆ ಹೋಯಿತು. ಎಂಟು ಮೂಲೆಯ ಆ ಕೋಣೆಯ ಒಳಗೆಲಸ ಮುಗಿಯಲೇ ಇಲ್ಲ. 1804ರಲ್ಲಿ ಸೈಕ್ಸ್ ತೀರಿಕೊಂಡ. ಸ್ವಲ್ಪ ದಿನಕ್ಕೇ ಮಗನೂ ಹೋದ. ಸಾಲದ ಹೊರೆಯ ಆಸ್ತಿ ಮೊಮ್ಮಗನಾದ ಒಬ್ಬ ಪುಟ್ಟ ಹುಡುಗನ ಪಾಲಿಗೆ ಬಂತು. ಅವನು ದೊಡ್ಡವನಾದ ಮೇಲೆ ಸಾಲವೂ ದೊಡ್ಡದಾಯಿತು. ಮುಂದೆ ಪ್ರಧಾನಮಂತ್ರಿಯಾದ ಡಿಸ್ರೇಲಿ ಅಲ್ಲಿಗೆ ಬಂದು ಹೋಗುತ್ತಿದ್ದ. ಆ ಮನೆಯೊಡತಿ ಹೆನ್ರಿಯೆಟ್ಟಾಳ ಹೆಸರನ್ನೇ ತನ್ನ ಒಂದು ಕಾದಂಬರಿಯ ನಾಯಕಿಗೆ ಇಟ್ಟ. ಕಾದಂಬರಿಗೆ ವಸ್ತು ಸಿಕ್ಕಿತು, ಮನೆಗೆ ಉಳಿಗಾಲ ಸಿಗಲಿಲ್ಲ. 1838ರಲ್ಲಿ ಬ್ಯಾಸಿಲ್ಡನ್ ಪಾರ್ಕ್ ಮಾರಾಟವಾಯಿತು. ಬಂಗಾಳದ ಗಂಟು ಮೂರನೆಯ ತಲೆಗೆ ಕರಗಿತು.

ಕೊಂಡವನು ಜೇಮ್ಸ್ ಮಾರಿಸನ್. ಹಳ್ಳಿಯೊಂದರ ಛತ್ರದಂಥ ಹೋಟೆಲು ನಡೆಸುತ್ತಿದ್ದವನ ಮಗ. ಲಂಡನ್ನಿನ ಒಂದು ಬಟ್ಟೆ ಮಳಿಗೆಯಲ್ಲಿ ಆಳಾಗಿ ಸೇರಿ, ಯಜಮಾನನ ಮಗಳನ್ನೇ ಮದುವೆಯಾಗಿ, ಮಳಿಗೆಯನ್ನು ದೊಡ್ಡ ಸಾಮ್ರಾಜ್ಯ ಮಾಡಿದ. ಲಾಭ ಕಡಿಮೆ ಇಡು, ಸರಕು ಬೇಗ ಕದಲಿಸು ಎನ್ನುವುದು ಅವನ ವ್ಯಾಪಾರಸೂತ್ರ. ಸಾಯುವ ಹೊತ್ತಿಗೆ ಇಂಗ್ಲೆಂಡಿನ ಅತಿ ಶ್ರೀಮಂತರ ಸಾಲಿನಲ್ಲಿದ್ದ. ಚಿತ್ರಗಳೆಂದರೆ ಆಸೆ, ಟರ್ನರ್, ಕಾನ್‌ಸ್ಟೆಬಲ್‌ರಂಥವರ ಕೃತಿಗಳನ್ನು ಕೊಂಡವನು. ಅವನ್ನು ತೂಗಹಾಕಲು ತಕ್ಕ ಗೋಡೆ ಬೇಕಲ್ಲ? ಪ್ಯಾಪ್‌ವರ್ತ್ ಎಂಬ ವಾಸ್ತುಶಿಲ್ಪಿಯನ್ನು ಹಿಡಿದು, ಅರ್ಧಕ್ಕೆ ನಿಂತಿದ್ದ ಎಂಟು ಮೂಲೆಯ ಕೋಣೆಯನ್ನು ಮುಗಿಸಿದ. ಒಬ್ಬರು ಬಿಟ್ಟ ಕೆಲಸವನ್ನು ಇನ್ನೊಬ್ಬರು ಮುಗಿಸುವುದು ಸಣ್ಣ ಸಂಗತಿಯಲ್ಲ. ಮಾರಿಸನ್ ಮನೆತನದ ಕೈಯಲ್ಲಿ ಆ ಮನೆ ಸುಮಾರು 90 ವರ್ಷ ಬಾಳಿತು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರು ಅಲ್ಲಿ ಚೇತರಿಸಿಕೊಂಡರು.

ಅಲ್ಲಿಂದ ಮುಂದೆ ಕೆಟ್ಟ ಕಾಲ. 1929ರಲ್ಲಿ ಆಸ್ತಿ ಮತ್ತೆ ಕೈ ಬದಲಾಯಿಸಿತು. ಈ ಸಲ ಕೊಂಡವರು ಪತ್ರಿಕೆಗಳ ಒಡೆಯರಾದ ಎಡ್ವರ್ಡ್ ಇಲಿಫ್. ಅವರಿಗೆ ಬೇಕಾದದ್ದು ನೆಲ, ಪಕ್ಕದ ತಮ್ಮ ಜಮೀನಿಗೆ ಸೇರಿಸಿಕೊಳ್ಳಲು. ಮನೆ ಬೇಡವಾಗಿತ್ತು, ಬೇಗನೆ ಜಾರ್ಜ್ ಫರ್ಡಿನಾಂಡೊ ಎಂಬ ವ್ಯವಹಾರಸ್ಥನಿಗೆ ಮಾರಿಬಿಟ್ಟರು. ಅವನ ಲೆಕ್ಕ ಇನ್ನೂ ವಿಚಿತ್ರ. ಇಡೀ ಮನೆಯನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಹಡಗಿಗೆ ಹೇರಿ, ಅಮೆರಿಕದಲ್ಲಿ ಎಲ್ಲಿ ಬೇಕೋ ಅಲ್ಲಿ ಕಟ್ಟಿಕೊಡುತ್ತೇನೆ, ಹತ್ತು ಲಕ್ಷ ಡಾಲರ್ ಕೊಡಿ ಎಂದು ಸಾರಿದ. ಆ ಹೊತ್ತಿಗೆ ಅಮೆರಿಕದ ಷೇರುಪೇಟೆ ಮುಗ್ಗರಿಸಿ ಮಹಾಕುಸಿತ ಶುರುವಾಗಿತ್ತು. ಗಿರಾಕಿ ಬರಲಿಲ್ಲ. ಇಡೀ ಮನೆ ಹೋಗದಿದ್ದರೇನು, ಬಿಡಿಬಿಡಿಯಾಗಿ ಮಾರಬಹುದಲ್ಲ? ಗೋಡೆಯ ಗಾರೆಕೆಲಸ, ಅಗ್ಗಿಷ್ಟಿಕೆಯ ಅಮೃತಶಿಲೆ, ಬಾಗಿಲುಗಳು ಒಂದೊಂದಾಗಿ ಕಿತ್ತುಹೋದವು. ಊಟದ ಕೋಣೆಯ ಅಲಂಕಾರ ನ್ಯೂಯಾರ್ಕಿನ ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲು ಸೇರಿ, ಅಲ್ಲಿ ‘ಬ್ಯಾಸಿಲ್ಡನ್ ರೂಮ್’ ಎನಿಸಿಕೊಂಡಿತು. ಬಂಗಾಳದ ಐಶ್ವರ್ಯ ಬರ್ಕ್‌ಷೈರಿನಲ್ಲಿ ಗೋಡೆಯಾಗಿ, ಆ ಗೋಡೆಯ ಸಿಂಗಾರ ಮ್ಯಾನ್‌ಹಟನ್ನಿನಲ್ಲಿ ಹೋಟೆಲಿನ ಮೆರುಗಾದದ್ದು ಹೀಗೆ. ಲಕ್ಷ್ಮಿಯನ್ನು ಚಂಚಲೆ ಎಂದ ನಮ್ಮ ಹಿರಿಯರಿಗೆ ಈ ಪಯಣ ಕೇಳಿದ್ದರೆ ಆಶ್ಚರ್ಯವೇನೂ ಆಗುತ್ತಿರಲಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಸರ್ಕಾರ ಮನೆಯನ್ನು ವಶಕ್ಕೆ ತೆಗೆದುಕೊಂಡಿತು. ನಾರ್ಮಂಡಿಗೆ ಹೊರಡಲಿದ್ದ ಅಮೆರಿಕನ್ ಸೈನಿಕರು ಅಲ್ಲಿ ತರಬೇತಿಗೆ ತಂಗಿದರು. ಯುದ್ಧ ಮುಗಿದಾಗ ಆ ಭವನ ಯಾರಿಗೂ ಬೇಡದ ವಸ್ತುವಾಗಿತ್ತು. ಕಿಟಕಿಗಳಲ್ಲಿ ಒಂದೂ ಗಾಜು ನೆಟ್ಟಗೆ ಉಳಿದಿರಲಿಲ್ಲ. ರಟ್ಟು, ಪ್ಲೈವುಡ್ಡು ತುರುಕಿದ್ದರು. ಪುಸ್ತಕಾಲಯದ ನೆಲದ ಮೇಲೆ ನೀರು ನಿಂತಿತ್ತು. ಗೋಡೆಗಳ ತುಂಬ ಬಂದುಹೋದವರು ಗೀಚಿದ ಹೆಸರುಗಳು. ಅಂಥ ಮನೆಗಳಿಗೆ ಆಗ ದೇಶದಲ್ಲೆಲ್ಲ ಒಂದೇ ಗತಿ. ಏರಿದ ಮರಣ ತೆರಿಗೆ, ಆಳುಕಾಳುಗಳ ಅಭಾವ, ಸೋರುವ ಮಾಡು, ಇವುಗಳ ನಡುವೆ ಮಾಲೀಕರು ಕೈಚೆಲ್ಲಿ ಕೆಡವುವವರನ್ನು ಕರೆಯುತ್ತಿದ್ದರು. ಕಳೆದ ನೂರು ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ಹಳ್ಳಿಮಹಲುಗಳು ನೆಲ ಕಂಡಿವೆ ಎಂದು 1974ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಒಂದು ಪ್ರದರ್ಶನವನ್ನೇ ಏರ್ಪಡಿಸಿ ಜನಕ್ಕೆ ತೋರಿಸಿತು.

ಬ್ಯಾಸಿಲ್ಡನ್ ಆ ಪಟ್ಟಿಗೆ ಸೇರಲಿಲ್ಲ. 1952ರಲ್ಲಿ ದಂಪತಿಗಳಿಬ್ಬರು ಅದನ್ನು ನೋಡಲು ಬಂದರು. ನೆಲ ಇಟ್ಟುಕೊಂಡು ಮನೆ ಮಾರಿದ್ದ ಎಡ್ವರ್ಡ್ ಇಲಿಫ್ ಅವರ ಮಗ ಲ್ಯಾಂಗ್‌ಟನ್, ಸೊಸೆ ರೆನೆ. ತಂದೆಗೆ ಬೇಡವಾಗಿದ್ದದ್ದು ಮಕ್ಕಳಿಗೆ ಬೇಕೆನಿಸಿತು. ಚಳಿ, ತೇವ, ಕತ್ತಲೆ ಎಲ್ಲ ಇದ್ದೂ ಆ ಗೋಡೆಗಳಲ್ಲಿ ಒಂದು ಗಟ್ಟಿತನ ಉಳಿದಿರುವುದನ್ನು, ಕಾರ್ ಕಟ್ಟಿದ ಮನೆ ಒಳಗೊಳಗೇ ಕೆಡದೆ ಇರುವುದನ್ನು ಅವರು ಕಂಡರು. ಕೊಂಡರು. ಆಮೇಲೆ ವರ್ಷಗಟ್ಟಲೆ ನಡೆದದ್ದು ರಿಪೇರಿ. ಮೊದಲು ಮಾಡು, ಆಮೇಲೆ ಕಿಟಕಿ, ಆಮೇಲೆ ಉಳಿದದ್ದು. ಕಿತ್ತುಹೋದ ಬಾಗಿಲು, ಅಗ್ಗಿಷ್ಟಿಕೆಗಳಿಗೆ ಬದಲಿ ಎಲ್ಲಿ ಸಿಕ್ಕೀತು ಎಂದು ಕೆಡವುತ್ತಿದ್ದ ಮನೆಗಳ ಕಡೆ ಹುಡುಕಿದರು. ಲಿಂಕನ್‌ಷೈರಿನ ಪ್ಯಾಂಟನ್ ಹಾಲ್ ಎಂಬ ಮಹಲಿನಲ್ಲಿಯೂ ಜಾನ್ ಕಾರ್ ಒಂದು ಕಾಲದಲ್ಲಿ ಕೆಲಸ ಮಾಡಿದ್ದ. ಅಲ್ಲಿನ ಮಹಾಗನಿ ಬಾಗಿಲುಗಳನ್ನು ಕೊಂಡು ತಂದರು. ಬ್ಯಾಸಿಲ್ಡನ್ನಿನ ಖಾಲಿ ಚೌಕಟ್ಟುಗಳಿಗೆ ಹಿಡಿದು ನೋಡಿದರೆ ಸರಿಯಾಗಿ ಕೂತವು. ಕೀಸುವ ಕೆಲಸವೇ ಬರಲಿಲ್ಲ. ಕಾರ್ ಎಷ್ಟು ಕರಾರುವಾಕ್ಕಾದ ಶಿಲ್ಪಿಯೆಂದರೆ ಅವನ ಒಂದು ಮನೆಯ ಬಾಗಿಲು ಇನ್ನೊಂದು ಮನೆಗೆ ಹೊಂದಿತು ಎಂದು ರೆನೆ ಇಲಿಫ್ ಮುಂದೆ ಬರೆದಿಟ್ಟರು.

ಈ ಒಂದು ಸಂಗತಿಯಲ್ಲಿ ನನಗೆ ದೊಡ್ಡದೊಂದು ನೀತಿ ಕಾಣುತ್ತದೆ. ಪ್ಯಾಂಟನ್ನಿನ ಬಾಗಿಲು ಮಾಡಿದ ಬಡಗಿಗೆ, ತನ್ನ ಕೆಲಸ ಮುಂದೊಂದು ದಿನ ಬೇರೊಂದು ಮನೆಯ ಮಾನ ಕಾಯುತ್ತದೆಂಬ ಕಲ್ಪನೆ ಇದ್ದಿರಲಾರದು. ಕೊಟ್ಟ ಅಳತೆಗೆ ಸರಿಯಾಗಿ ಮಾಡಬೇಕು, ಒಂದು ನೂಲು ಅತ್ತಿತ್ತ ಆಗಬಾರದು ಎಂಬುದಷ್ಟೇ ಅವನ ಮನಸ್ಸಿನಲ್ಲಿದ್ದದ್ದು. ಇನ್ನೂರು ವರ್ಷಕ್ಕೆ ಹತ್ತಿರವಾದ ಮೇಲೆ ಆ ಪ್ರಾಮಾಣಿಕತೆ, ಹೆಸರೂ ಗೊತ್ತಿಲ್ಲದ ಇಬ್ಬರಿಗೆ ಉಪಕಾರವಾಗಿ ಒದಗಿತು. ನಿಷ್ಕಾಮ ಕರ್ಮ ಎಂದರೆ ನಾವು ಬಹಳ ಎತ್ತರದ್ದೇನೋ ಎಂದು ಭಾವಿಸುತ್ತೇವೆ. ಅದು ಕೆಲವು ಸಲ ಸರಿಯಾದ ಅಳತೆಯಷ್ಟು ಸರಳ. ಅಡುಗೆಯಾಗಲಿ, ಲೆಕ್ಕವಾಗಲಿ, ಪಾಠವಾಗಲಿ, ಇಂದು ಕರಾರುವಾಕ್ಕಾಗಿ ಮಾಡಿದ್ದು ಎಲ್ಲಿ ಯಾರಿಗೆ ಹೊಂದುತ್ತದೆಂದು ಹೇಳಲು ಬರುವುದಿಲ್ಲ. ಹೊಂದುತ್ತದೆ ಎಂಬ ನಂಬಿಕೆ ಸಾಕು.

ಇಲಿಫ್ ದಂಪತಿಗಳು ಮನೆಯನ್ನು ಸುಮಾರು 25 ವರ್ಷ ಸಾಕಿದರು. ತಮ್ಮ ಕಾಲದ ಕಲೆಗೂ ಅಲ್ಲಿ ಜಾಗ ಕೊಟ್ಟರು. ಕಾವೆಂಟ್ರಿ ಕತೀಡ್ರಲಿನ ನೇಯ್ದ ದೊಡ್ಡ ಚಿತ್ರತೆರೆಗೆ ಗ್ರಹಾಂ ಸದರ್‌ಲ್ಯಾಂಡ್ ಬರೆದ ಕರಡು ಚಿತ್ರಗಳು ಅಲ್ಲಿವೆ. 1978ರಲ್ಲಿ ಆ ಮನೆಯನ್ನೂ ಅದರ ಸುತ್ತಲಿನ ತೋಪು ಬಯಲನ್ನೂ ನ್ಯಾಷನಲ್ ಟ್ರಸ್ಟಿಗೆ ಒಪ್ಪಿಸಿದರು. 1895ರಲ್ಲಿ ಹುಟ್ಟಿದ ಈ ಸಂಸ್ಥೆಯ ಕೆಲಸ ಇಂಥ ಮನೆ, ಕಾಡು, ಕಡಲತೀರಗಳನ್ನು ಎಲ್ಲರ ಪರವಾಗಿ ಕಾಯುವುದು. ಈಗ ಟಿಕೆಟ್ ಕೊಂಡ ಯಾರಾದರೂ ಆ ಗುಪ್ತ ಮೆಟ್ಟಿಲು ಹತ್ತಬಹುದು. 2005ರಲ್ಲಿ ಬಂದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಸಿನಿಮಾ ನೋಡಿದವರು ಈ ಮನೆಯನ್ನು ಆಗಲೇ ನೋಡಿದ್ದಾರೆ. ಅದರಲ್ಲಿ ಬಿಂಗ್ಲಿಯ ಮನೆ ನೆದರ್‌ಫೀಲ್ಡ್ ಆಗಿ ಕಂಡದ್ದು ಇದೇ.

ಆದರೆ ರಿಪೇರಿ ಅಲ್ಲಿಗೆ ಮುಗಿಯಿತೇ? ಮಾಡು ಸರಿಹೋಯಿತು, ಬಾಗಿಲು ಕೂತಿತು. ಮೊದಲ ಗಂಟಿನ ಲೆಕ್ಕ ಮಾತ್ರ ಬಾಕಿ ಇತ್ತು. 2020ರಲ್ಲಿ ನ್ಯಾಷನಲ್ ಟ್ರಸ್ಟ್ ಒಂದು ವರದಿ ಹೊರತಂದಿತು. ತನ್ನ ವಶದಲ್ಲಿರುವ ಮನೆ, ತಾಣಗಳಲ್ಲಿ 93ಕ್ಕೆ ವಸಾಹತುಶಾಹಿಯೊಂದಿಗೂ ಗುಲಾಮರ ವ್ಯಾಪಾರದೊಂದಿಗೂ ಇದ್ದ ನಂಟನ್ನು ಅದರಲ್ಲಿ ಪಟ್ಟಿ ಮಾಡಿತು. ಬ್ಯಾಸಿಲ್ಡನ್ ಪಾರ್ಕ್ ಆ ಪಟ್ಟಿಯಲ್ಲಿದೆ. ಚೆಂದದ ಮನೆ ನೋಡಲು ಬಂದವರಿಗೆ ಇದೆಲ್ಲ ಯಾಕೆ ಎಂದು ಅಲ್ಲಿ ಹಲವರು ಸಿಟ್ಟಾದರು. ಪತ್ರಿಕೆಗಳಲ್ಲಿ, ಪಾರ್ಲಿಮೆಂಟಿನಲ್ಲಿ ಮಾತು ಬೆಳೆಯಿತು. ಆದರೂ ಯೋಚಿಸಿ ನೋಡಿ. ಬಾಗಿಲು ಮಾಡಿದ ಬಡಗಿಯ ಹೆಸರು ಹೇಗೆ ಯಾವ ಕ್ರಯಪತ್ರದಲ್ಲೂ ಇಲ್ಲವೋ, ಹಾಗೆಯೇ ಈ ಮನೆಗೆ ದುಡ್ಡು ಬಂದದ್ದು ಯಾರ ಬೆವರಿನಿಂದಲೋ ಆ ಬಂಗಾಳದ ನೇಕಾರನ, ರೈತನ ಹೆಸರೂ ಇಲ್ಲ. ಒಬ್ಬನ ಕೌಶಲವನ್ನು ಮೆಚ್ಚಿ ಇನ್ನೊಬ್ಬನ ನಷ್ಟವನ್ನು ಮರೆತರೆ ಮನೆಯ ಕಥೆ ಅರ್ಧಕ್ಕೇ ನಿಲ್ಲುತ್ತದೆ. ಮಾಡು ದುರಸ್ತಿ ಮಾಡಿದ ಕೈಯಷ್ಟೇ ಶ್ರದ್ಧೆಯಿಂದ ಕಥೆಯನ್ನೂ ದುರಸ್ತಿ ಮಾಡಬೇಕು. ಸತ್ಯ ಹೇಳಿದ್ದಕ್ಕೆ ಯಾವ ಮನೆಯ ಗೋಡೆಯೂ ಬಿರುಕು ಬಿಟ್ಟಿಲ್ಲ.

ನಮ್ಮ ನಿಮ್ಮ ಮನೆಗಳಿಗೆ ಅಯೋನಿಕ್ ಕಂಬಗಳಿಲ್ಲ, ಟರ್ನರನ ಚಿತ್ರಗಳೂ ಇಲ್ಲ. ಆದರೂ ಅಜ್ಜ ಕಟ್ಟಿದ್ದೋ, ಸಾಲ ಮಾಡಿ ಕೊಂಡದ್ದೋ, ಬಾಡಿಗೆಯದೋ, ಒಂದು ಸೂರು ನಮ್ಮ ವಶಕ್ಕೆ ಬಂದಿದೆ. ನಮಗಿಂತ ಮುಂಚೆ ಅದರಲ್ಲಿ ಯಾರೋ ಇದ್ದರು, ನಮ್ಮ ನಂತರವೂ ಯಾರೋ ಇರುತ್ತಾರೆ. ಸೈಕ್ಸ್‌ನ ಪಾಲಿಗೆ ಮನೆ ಪ್ರತಿಷ್ಠೆಯಾಗಿತ್ತು, ಫರ್ಡಿನಾಂಡೊಗೆ ಸರಕಾಗಿತ್ತು. ಇಬ್ಬರ ಕೈಯಲ್ಲೂ ಅದು ಏಳಿಗೆ ಕಾಣಲಿಲ್ಲ. ಹೊಣೆ ಎಂದುಕೊಂಡವರ ಕೈಯಲ್ಲಿ ಮಾತ್ರ ಉಳಿಯಿತು. ಒಡೆತನ ದೊಡ್ಡದಲ್ಲ, ಪಾಲನೆ ದೊಡ್ಡದು. ಆದ್ದರಿಂದ ಸೋರುವ ಮೂಲೆಗೆ ಮುಂದಿನ ಮಳೆಯವರೆಗೆ ಕಾಯಬೇಡಿ, ಈ ವಾರವೇ ಒಂದು ಹೆಂಚು ಹಾಕಿಸಿ. ಕೆಲಸಕ್ಕೆ ಬಂದ ಗಾರೆಯವನ, ಬಡಗಿಯ ಹೆಸರು ಕೇಳಿ ತಿಳಿದುಕೊಳ್ಳಿ. ಈ ಮನೆ ನಮಗೆ ಹೇಗೆ ಬಂತು, ಯಾರ ದುಡಿಮೆಯಿಂದ ಬಂತು, ಯಾರಿಗಾದರೂ ಕೊಡಬೇಕಾದದ್ದು ಬಾಕಿ ಉಳಿದಿದೆಯೇ ಎಂಬುದನ್ನು ಮಕ್ಕಳ ಎದುರು ಮುಚ್ಚುಮರೆಯಿಲ್ಲದೆ ಹೇಳಿ. ಬಾಕಿ ಇದ್ದರೆ, ತೀರಿಸಿಬಿಡಿ.